ಮಷಿನ್ ಮಾತ್ರ ನಿಲ್ಲಿಸುವುದಿಲ್ಲ

2 ಸೆಪ್ಟೆಂಬರ್ 2025, ಮಂಗಳವಾರ

ಬಿ.ಪಿ. ಡಾಕ್ಟರು ಹೇಳಿದ್ದಕ್ಕೆ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಐವತ್ತೆಂಟನೇ ವಯಸ್ಸಿಗೆ ಪೆನ್ನು ಹಿಡಿಯುವ ಹುಚ್ಚು ನನಗಿಲ್ಲ. “ಸಿಟ್ಟು ಬಂದಾಗ ಬಾಯಿ ತೆರೀಬ್ಯಾಡ್ರಿ ಮಾಣಿಕಪ್ಪ. ಒಂದು ವಹಿದಾಗ ಬರೀರಿ. ಮುಂದಿನ ಸಲ ಬರುವಾಗ ತೊಗೊಂಡು ಬರ್ರಿ, ನಾ ನೋಡ್ತೀನಿ” ಎಂದರು. ಕಲ್ಲಿನ ಆರ್ಡರ್ ಬರೆದಿಡುವ ವಹಿಯಲ್ಲಿ ಮುಕ್ಕಾಲು ಪಾಲು ಹಾಳೆ ಖಾಲಿ ಇವೆ. ಊರಿಗೆ ಊರೇ ಟೈಲ್ಸ್ ಹಾಕಿಸಿಕೊಂಡು ಜಾರಿ ಬೀಳುತ್ತಿರುವಾಗ ಶಹಾಬಾದ್ ಕಲ್ಲು ಕೇಳುವವರು ಯಾರು? ಹಾಗಾಗಿ ಇದರಲ್ಲೇ ಬರೆಯುತ್ತೇನೆ.

ಸಿಟ್ಟಿಗೆ ಕಾರಣ ನನ್ನ ಶೆಡ್ಡಿನಲ್ಲಿರುವ ಬ್ಯಾಂಡು.

ಲಕ್ಷ್ಮಿ ನನ್ನ ಪಾಲಿಶ್ ಮಷಿನ್ನಿನ ಮುಂದೆ ಹದಿನೆಂಟು ವರ್ಷ ಕಲ್ಲು ಜೋಡಿಸಿದವಳು. ಅವಳ ಮಗಳು ಲುಂಬಿನಿ ಹೋದ ವರ್ಷ ಬಂದು, “ಕಾಕಾ, ಶೆಡ್ಡಿನ ಹಿಂದಿನ ಮೂಲಿ ನಾಕು ದಿನ ಕೊಡ್ರಿ, ಹಾಡಿನ ಪ್ರಾಕ್ಟೀಸ್ ಮಾಡ್ತೀವಿ” ಎಂದಳು. ಕೊಟ್ಟೆ. ನಾಲ್ಕು ದಿನ ಹೋಗಿ ಹದಿನಾಲ್ಕು ತಿಂಗಳಾಯಿತು. ಬೆಳಿಗ್ಗೆಯೆಲ್ಲ ಜೆರಾಕ್ಸ್ ಅಂಗಡಿಯಲ್ಲಿ ನಿಂತು ಸಂಜೆ ಇಲ್ಲಿಗೆ ಬಂದು ಹಾಡುತ್ತಾಳೆ. ಚಿತ್ತಾಪುರದ ಸಂತೋಷಕುಮಾರ ಗಿಟಾರ್ ಬಾರಿಸುತ್ತಾನೆ. ವಾಡಿಯ ಶಾಕೀರ ಡ್ರಮ್ ಬಡಿಯುತ್ತಾನೆ. ನೆಲಕ್ಕೆ ಹಾಸುವ ನಮ್ಮ ಕಲ್ಲಿಗೆ ಫರ್ಸಿ ಎನ್ನುತ್ತಾರಲ್ಲ, ಆ ಹೆಸರನ್ನೇ ಎತ್ತಿ ಬ್ಯಾಂಡಿಗೆ ಇಟ್ಟುಕೊಂಡಿದ್ದಾರೆ. ನನ್ನನ್ನು ಕೇಳಲೂ ಇಲ್ಲ.

ನಾನು ಹಾಕಿದ ಷರತ್ತು ಒಂದೇ. “ನೀವು ಏನರೆ ಮಾಡ್ರಿ, ಮಷಿನ್ ಮಾತ್ರ ನಿಲ್ಲಸಂಗಿಲ್ಲ.” ನನ್ನ ಕೆಲಸದ ಹೊತ್ತು ಸಂಜೆ ನಾಲ್ಕರಿಂದ ಆರು. ಅವರದ್ದೂ ಅದೇ. ನಾನು ಮಷಿನ್ನಿನ ತೋಳು ಹಿಡಿದು ಕಲ್ಲು ಉಜ್ಜುತ್ತೇನೆ, ಅವರು ನನ್ನ ಬೆನ್ನ ಹಿಂದೆ ಅರಚುತ್ತಾರೆ. ಇವರಿಗೊಬ್ಬ ಮ್ಯಾನೇಜರ್ ಬೇರೆ, ಅಂಬಾರಾಯ. ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ರಿಟೈರ್ ಆದವನು. ಮೂವತ್ತು ವರ್ಷ ಮೈಕಿನಲ್ಲಿ ಬಸ್ಸು ಕೂಗಿದ ಬಾಯಿ ಅದು. ಚಹಾ ಬೇಕೆಂದರೂ ಪ್ಲಾಟ್‌ಫಾರಂ ನಂಬರ್ ಹೇಳಿದ ಹಾಗೆಯೇ ಹೇಳುತ್ತಾನೆ.

ದೀಪಾವಳಿ ಆದ ಮೇಲೆ ಮಷಿನ್ ಮಾರುತ್ತೇನೆ. ವಾಡಿಯ ಗುಜರಿ ವ್ಯಾಪಾರಿ ಹಾಜಿಮಲಂಗ್‌ಗೆ ಮಾತು ಕೊಟ್ಟಾಗಿದೆ. ಶೆಡ್ಡಿನಲ್ಲಿ ಹಿಟ್ಟಿನ ಗಿರಣಿ ಹಾಕೋಣ ಎಂದು ನನ್ನ ಹೆಂಡತಿ ಭೀಮಬಾಯಿ ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ. ಹಾಕಲಿ. ಮಷಿನ್ ಹೋದರೆ ಬ್ಯಾಂಡೂ ಹೋಗುತ್ತದೆ, ಬಿ.ಪಿ.ಯೂ ಹೋಗುತ್ತದೆ.

9 ಸೆಪ್ಟೆಂಬರ್, ಮಂಗಳವಾರ

ಮಷಿನ್ನಿನ ಬೆಲ್ಟ್ ಹರಿಯಿತು. ಹೊಸದು ಹಾಕಿದೆ. ಬಿಗಿಯಾಗಿ ಕೂತಿತು, ಮಷಿನ್ನಿನ ದನಿ ಕೂದಲೆಳೆಯಷ್ಟು ಮೇಲೇರಿತು. ಇದು ಮೂವತ್ತು ವರ್ಷದ ಅಭ್ಯಾಸ. ಕಲ್ಲಿಗೆ ಹೊಳಪು ಬಂದಿದೆಯೋ ಇಲ್ಲವೋ ನಾನು ಕಣ್ಣಿನಿಂದ ನೋಡುವುದಿಲ್ಲ, ದನಿ ಕೇಳಿಯೇ ಹೇಳುತ್ತೇನೆ.

ಆ ಹುಡುಗರಿಗೆ ಮಾತ್ರ ಇವತ್ತು ದೆವ್ವ ಹೊಕ್ಕಿತ್ತು. ಲುಂಬಿನಿ ಹಾಡಿದಳು, ಗಿಟಾರ್ ಕೂಡಲಿಲ್ಲ. “ನಿನ್ನ ತಂತಿ ಸಡಿಲ ಆಗ್ಯಾವ” ಎಂದು ಅವಳು, “ನೀನೇ ಮ್ಯಾಲ ಹಿಡದೀದಿ” ಎಂದು ಸಂತೋಷಕುಮಾರ. ಒಂದು ತಾಸು ಜಗಳ. ಕೊನೆಗೆ ಅವನು ಗಿಟಾರಿನ ಆರೂ ಕಿವಿ ಹಿಂಡಿ ತಂತಿ ಬಿಗಿ ಮಾಡಿದ ಮೇಲೆ ಕೂಡಿತು. ಮೈಗಳ್ಳರು. ದಿನಾ ಲಕ್ಷ್ಯ ಕೊಟ್ಟು ಪ್ರಾಕ್ಟೀಸ್ ಮಾಡಿದ್ದರೆ ಹೀಗೆ ಯಾಕಾಗುತ್ತಿತ್ತು?

17 ಸೆಪ್ಟೆಂಬರ್, ಬುಧವಾರ

ಕಲ್ಯಾಣ ಕರ್ನಾಟಕ ಉತ್ಸವದ ರಜೆ. ಮನೆಯಲ್ಲಿ ನೆಮ್ಮದಿಯಿಂದ ಇರೋಣವೆಂದರೆ ಅದೂ ಇಲ್ಲ.

ಶಾಕೀರ ಫೋನಿನಲ್ಲಿ ತೆಗೆದ ವಿಡಿಯೋ ಒಂದು ಊರೆಲ್ಲ ಹರಿದಾಡುತ್ತಿದೆಯಂತೆ. ಲುಂಬಿನಿ ಬರೆದ ‘ಅವ್ವ ಹಾಸಿದ ಕಲ್ಲ ಮ್ಯಾಲ’ ಎನ್ನುವ ಹಾಡು. ಹತ್ತು ಲಕ್ಷ ಜನ ನೋಡಿದ್ದಾರೆಂದು ಅಂಬಾರಾಯ ಬೆಳಿಗ್ಗೆ ಬಂದು ಅಂಗಳದಲ್ಲಿ ನಿಂತು ಘೋಷಿಸಿದ. ಹಾಡು ಇರಲಿ, ಅದರಲ್ಲಿ ಲುಂಬಿನಿಯ ಹಿಂದೆ ನಾನಿದ್ದೇನೆ. ನನ್ನ ಮುಖ ಇಲ್ಲ, ಬೆನ್ನಿದೆ. ಬೆನ್ನಿನ ಮೇಲೆ ಬನಿಯನ್ ಇದೆ. ಬನಿಯನ್ನಿನಲ್ಲಿ ಒಂದು ತೂತು ಇದೆ.

ಭೀಮಬಾಯಿಯ ತವರು ಚಿಮ್ಮನಚೋಡದಿಂದ ಮಧ್ಯಾಹ್ನದೊಳಗೆ ಏಳು ಫೋನ್ ಬಂದವು. “ಹಾಡು ಹೆಂಗ ಅದ ಅಂತ ಒಬ್ಬರರೆ ಕೇಳಿದರೇನು? ನಿನ್ನ ಗಂಡಗ ಬನಿಯನ್ ಇಲ್ಲೇನು ಅಂತ ಕೇಳ್ಲಿಕತ್ತಾರ” ಎಂದಳು ಭೀಮಬಾಯಿ, ಅಳುವುದೊಂದು ಬಾಕಿ. “ಹತ್ತು ಲಕ್ಷ ಮಂದಿ ನೋಡ್ಯಾರ್ರಿ ಆ ತೂತು” ಎಂದು ರೊಟ್ಟಿ ಬಡಿಯುತ್ತ ಹೇಳುತ್ತಲೇ ಇದ್ದಳು. ಇವತ್ತು ಎರಡು ರೊಟ್ಟಿ ಕಡಿಮೆ ಉಂಡೆ.

28 ಸೆಪ್ಟೆಂಬರ್, ರವಿವಾರ

ಹಾಡಿನ ಕಂಪನಿಯೊಂದು ಇವರನ್ನು ಹೈದರಾಬಾದಿನ ಸ್ಟುಡಿಯೋಗೆ ಕರೆಯಿತು. ನನಗೇನು ಸಂಬಂಧ? ಆದರೆ ಲಕ್ಷ್ಮಿ ಬಂದು, “ಹಿರೇರು ಒಬ್ಬರು ಕೂಡ ಹೋಗ್ರಿ ಅಣ್ಣಾ” ಎಂದಳು. ಅಂಬಾರಾಯ ಇದ್ದಾನಲ್ಲ ಎಂದೆ. “ಅವ್ರು ಮಾತಾಡ್ತಾರ, ನೋಡಂಗಿಲ್ಲ” ಎಂದಳು. ಅದು ಖರೆ. ನಿನ್ನೆ ವಾಡಿಯಿಂದ ರೈಲು ಹತ್ತಿದೆವು.

ಸ್ಟುಡಿಯೋದ ಗೋಡೆಗೆಲ್ಲ ಸ್ಪಂಜು ಬಡಿದಿದ್ದಾರೆ. ಬಾಗಿಲು ಹಾಕಿದ ಮೇಲೆ ಎಂಥ ಮೌನವೆಂದರೆ, ನನ್ನ ಎದೆ ಬಡಿತ ನನಗೇ ಕೇಳಿಸಿ ಬಿ.ಪಿ. ಏರಿತೇನೋ ಎನಿಸಿತು. ಅಂಬಾರಾಯ ಕೂಡ ಪಿಸುಗುಟ್ಟಿದ. ಹದಿನಾಲ್ಕು ತಿಂಗಳಲ್ಲಿ ಅದೇ ಮೊದಲು.

ಲುಂಬಿನಿ ಹಾಡಿದಳು. ಹಾಡು ಎತ್ತಿದ ಕಡೆ ನಿಲ್ಲಲಿಲ್ಲ, ಜಾರಿತು. ಮತ್ತೆ ಎತ್ತಿದಳು, ಮತ್ತೆ ಜಾರಿತು. ಸಂತೋಷಕುಮಾರ ಒಂದು ಕಡೆ, ಇವಳು ಒಂದು ಕಡೆ. ಶಾಕೀರ ಇಬ್ಬರನ್ನೂ ನೋಡುತ್ತ ಬಡಿಯುವುದನ್ನೇ ಬಿಟ್ಟ. ಹನ್ನೊಂದು ಸಲ ಹಾಡಿಸಿದರು. ಕಂಪನಿಯ ಮೇಡಂ ಬೆಂಗಳೂರಿನವರು, ಒಳ್ಳೆಯ ಹೆಣ್ಣುಮಗಳು, ಕೊನೆಗೆ ಕನ್ನಡಕ ತೆಗೆದು, “ಫೋನಲ್ಲಿ ನಾನು ಕೇಳಿದ್ದು ಇದೇ ಬ್ಯಾಂಡಾ?” ಎಂದರು. ಮತ್ತೆ ಕನ್ನಡಕ ಹಾಕಿಕೊಂಡು, “ನವೆಂಬರ್ ಹದಿನೈದಕ್ಕೆ ಸೇಡಂನಲ್ಲಿ ನಿಮ್ಮ ರಾಜ್ಯೋತ್ಸವದ ಪ್ರೋಗ್ರಾಂ ಇದೆಯಲ್ಲ, ಅಲ್ಲಿಗೆ ಬಂದು ಇನ್ನೊಂದ್ಸಲ ಕೇಳ್ತೀನಿ. ಅಲ್ಲೂ ಹೀಗೇ ಆದ್ರೆ ಇಲ್ಲಿಗೇ ಬಿಟ್ಬಿಡೋಣ” ಎಂದರು.

ಇವತ್ತು ರೈಲಿನಲ್ಲಿ ವಾಪಸ್ ಬರುವಾಗ ಲುಂಬಿನಿ ಕಿಟಕಿಗೆ ತಲೆ ಇಟ್ಟು ಕುಳಿತಿದ್ದಳು. ತಾಂಡೂರು ದಾಟಿದ ಮೇಲೆ ಬಾಯಿ ಬಿಟ್ಟಳು. “ನಮ್ಮವ್ವ ಹದಿನೆಂಟು ವರ್ಷ ಕಲ್ಲಿನ ರಾಡಿದಾಗ ನಿಂತಾಳ ಕಾಕಾ. ನಾ ಜೆರಾಕ್ಸ್ ಮಷಿನ್ ಮುಂದ ನಿಲ್ತೀನಿ. ಅಷ್ಟೇ ಫರಕ್.” ನಾನು ಶೇಂಗಾ ಕೊಡಿಸಿದೆ, ತಿನ್ನಲಿಲ್ಲ. ಸೇಡಂ ಬಂತು, ಚಿತ್ತಾಪುರ ಬಂತು, ಸಂತೋಷಕುಮಾರ ಇಳಿದು ಹೋದ. ಟಾಟಾ ಕೂಡ ಹೇಳಲಿಲ್ಲ.

ನನಗೇನು, ಮಷಿನ್ ಹೋದರೆ ಇವರೂ ಹೋಗುವವರೇ. ಆದರೂ ಇವತ್ತು ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯುತ್ತಿಲ್ಲ, ಅದಕ್ಕೇ ಸಿಟ್ಟು ಬಂದಿದೆ.

1 ಅಕ್ಟೋಬರ್, ಬುಧವಾರ, ಆಯುಧ ಪೂಜೆ

ಬರೆಯುವುದು ಬಹಳ ಇದೆ.

ಬೆಳಿಗ್ಗೆ ಮಷಿನ್ ತೊಳೆದು, ವಿಭೂತಿ ಹಚ್ಚಿ, ಚೆಂಡುಹೂವಿನ ಹಾರ ಹಾಕಿದೆ. ಆಯುಧ ಪೂಜೆಯ ದಿನ ಮಷಿನ್ ಮುಟ್ಟುವುದಿಲ್ಲ, ಅದು ನಮ್ಮಪ್ಪನ ಕಾಲದಿಂದ ನಡೆದುಬಂದದ್ದು. ಸಂಜೆ ಹುಡುಗರೂ ಬಂದರು, ಗಿಟಾರಿಗೂ ಡ್ರಮ್ಮಿಗೂ ಕುಂಕುಮ ಹಚ್ಚಿಕೊಂಡರು. ಪ್ರಸಾದ ತಿಂದ ಮೇಲೆ ಭೀಮಬಾಯಿ, “ಒಂದು ಹಾಡು ಹಾಡ್ರಿ, ಮಷಿನ್ ಬಂದ್ ಅದ, ಇವತ್ತರೆ ನೆಟ್ಟಗ ಕೇಳ್ತೀನಿ” ಎಂದಳು.

ಹಾಡಿದರು. ಹೈದರಾಬಾದಿನಲ್ಲಿ ಆದದ್ದೇ ಆಯಿತು. ಅದೇ ಜಾರುವುದು, ಅದೇ ಒಬ್ಬರ ಮುಖ ಒಬ್ಬರು ನೋಡುವುದು. ಭೀಮಬಾಯಿ ನಾಚಿಕೊಂಡು ಒಳಗೆ ಹೋಗಿ ಪಾತ್ರೆ ಸಪ್ಪಳ ಮಾಡತೊಡಗಿದಳು. ಲುಂಬಿನಿ ಕಲ್ಲಿನ ಗುಡ್ಡೆಯ ಮೇಲೆ ಕುಸಿದು ಕುಳಿತಳು.

ನಾನು ಮಷಿನ್ ಕಡೆ ನೋಡಿದೆ. ಹಾರ ಹಾಕಿಕೊಂಡು ತಣ್ಣಗೆ ನಿಂತಿತ್ತು. ಸ್ಟುಡಿಯೋ ನೆನಪಾಯಿತು, ಬೆಲ್ಟ್ ಬದಲಿಸಿದ ದಿನ ನೆನಪಾಯಿತು. ಅಪ್ಪಾ ಕ್ಷಮಿಸು ಎಂದು ಹಾರ ತೆಗೆದು ಪಕ್ಕಕ್ಕಿಟ್ಟು ಸ್ವಿಚ್ ಒತ್ತಿದೆ. “ಪೂಜಾ ಮಾಡಿದ ಮಷಿನ್ ಚಾಲೂ ಮಾಡ್ತಾರೇನ್ರಿ, ತಲಿ ನೆಟ್ಟಗದನು?” ಎಂದು ಭೀಮಬಾಯಿ ಓಡಿಬಂದಳು. ನಾನು ಸುಮ್ಮನಿರು ಎಂದು ಕೈ ಮಾಡಿ, ಎಂದಿನಂತೆ ತೋಳು ಹಿಡಿದು ಕಲ್ಲು ಉಜ್ಜುತ್ತ, ಲುಂಬಿನಿಗೆ “ಹಾಡವಾ” ಎಂದೆ.

ಹಾಡಿದಳು. ಒಂದೇ ಸಲಕ್ಕೆ ಹಾಡು ನೆಲ ಸಿಕ್ಕ ಹಾಗೆ ನಿಂತಿತು. ಗಿಟಾರ್ ಕೂಡಿತು, ಡ್ರಮ್ ಕೂಡಿತು.

ಸಂತೋಷಕುಮಾರ ಗಿಟಾರ್ ಕೆಳಗಿಟ್ಟು ಮಷಿನ್ನಿನ ಹತ್ತಿರ ಬಂದು ಕಿವಿ ಇಟ್ಟ. “ಅಯ್ಯಪ್ಪ. ಮಂದಿ ತಂಬೂರಿ ಸುರಕ್ಕ ಹಾಡ್ತಾರ. ನಾವು ಹದಿನಾಲ್ಕು ತಿಂಗಳು ಪಾಲಿಶ್ ಮಷಿನ್ ಸುರಕ್ಕ ಹಾಡೀವಿ” ಎಂದ. ಮಷಿನ್ ನಿಲ್ಲಿಸುವುದಿಲ್ಲ ಎಂದು ಷರತ್ತು ಹಾಕಿದವನು ನಾನೇ ಅಲ್ಲವೇ? ಮೊದಲ ದಿನದಿಂದ ಆ ಗುಂಯ್ ದನಿ ಇಲ್ಲದೆ ಇವರು ಒಂದು ಸಾಲೂ ಹಾಡಿದವರಲ್ಲ. ಅದು ಕಿವಿಯಲ್ಲಿ ಎಷ್ಟು ಕೂತಿದೆಯೆಂದರೆ, ಇದೆ ಎನ್ನುವುದೇ ಯಾರಿಗೂ ಗೊತ್ತಿರಲಿಲ್ಲ.

ಅಂಬಾರಾಯ ಗಂಭೀರವಾಗಿ ಹೇಳಿದ: “ಹಂಗಾದ್ರ ಸೇಡಂಕ ಮಷಿನ್ ಒಯ್ಯೋಣು.”

“ಹನ್ನೆರಡು ಕ್ವಿಂಟಲ್ ಅದ ಅದು.”

“ಲಗೇಜ್ ಟಿಕೆಟ್ ಹರಿಸಿದ್ರಾಯ್ತು.”

ಮಷಿನ್ನನ್ನು ಹಾಜಿಮಲಂಗ್‌ಗೆ ಕೊಡುವ ಮಾತಾಗಿದೆ ಎಂದು ಇವರ್ಯಾರಿಗೂ ನಾನು ಹೇಳಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಮೂವರೂ ಮಷಿನ್ನಿಗೆ ನಮಸ್ಕಾರ ಮಾಡುತ್ತಿದ್ದರು. ಮುಚ್ಚಿದೆ.

5 ಅಕ್ಟೋಬರ್, ರವಿವಾರ

ಶಾಕೀರ ಮಷಿನ್ನಿನ ದನಿಯನ್ನು ಫೋನಿಗೆ ತುಂಬಿಸಿಕೊಂಡ. ಅದನ್ನೇ ಸ್ಪೀಕರ್ ಡಬ್ಬಿಯಲ್ಲಿ ಹಾಕಿ ಹಾಡಿದರಾಯಿತು, ಹನ್ನೆರಡು ಕ್ವಿಂಟಲ್ ಯಾಕೆ ಹೊರಬೇಕು? ನನಗೂ ಸರಿ ಎನಿಸಿತು, ಎದೆ ಹಗುರಾಯಿತು. ಮಷಿನ್ ಬಂದ್ ಮಾಡಿ, ಡಬ್ಬಿ ಹಚ್ಚಿ, ಹಾಡಿಸಿದೆವು.

ಮೊದಲ ನಾಲ್ಕು ಸಾಲು ಬಂತು. ಹಾಡು ಮೇಲೆ ಏರುವ ಕಡೆ ಮತ್ತೆ ಜಾರಿತು. ಮೂರು ಸಲ ಅಲ್ಲೇ ಜಾರಿತು. ಲುಂಬಿನಿ ಡಬ್ಬಿಯನ್ನು ದಿಟ್ಟಿಸಿ, “ಇದು ನನ್ನ ಮಾತು ಕೇಳವಲ್ದು ಕಾಕಾ” ಎಂದಳು.

ಶಾಕೀರ ಬಹಳ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ನನ್ನನ್ನು ಮಷಿನ್ ಹತ್ತಿರ ನಿಲ್ಲಿಸಿ, ಕಲ್ಲು ಉಜ್ಜಲು ಹೇಳಿ, ಅವಳನ್ನು ಹಾಡಿಸಿ, ತಾನು ಸುಮ್ಮನೆ ನನ್ನ ಕೈಯನ್ನೇ ನೋಡುತ್ತ ನಿಂತ. ಹಾಡು ಮುಗಿದ ಮೇಲೆ ಹೇಳಿದ. “ಚಾಚಾ, ಅಕಿ ಮ್ಯಾಲ ಹೋಗುವಾಗ ನೀವು ತೋಳು ಎತ್ತಿ ಹಿಡೀತೀರಿ, ಮಷಿನ್ ಸುರ ಏರ್ತದ. ಅಕಿ ಇಳಿಯುವಾಗ ಒತ್ತತೀರಿ, ಸುರ ಇಳೀತದ. ನಾವು ಮಷಿನ್ ಕೂಡ ಹಾಡ್ಲಿಕತ್ತಿಲ್ಲ. ನಿಮ್ಮ ಕೈ ಕೂಡ ಹಾಡ್ಲಿಕತ್ತೀವಿ.”

ಹುಚ್ಚು ಹುಡುಗ. ನನಗೆ ಸಂಗೀತದ ಗಂಧ ಗಾಳಿ ಇಲ್ಲ. ಕಲ್ಲು ಕೇಳಿದ ಕಡೆ ಕೈ ಹೋಗುತ್ತದೆ, ಅಷ್ಟೇ. ಆದರೂ ಆಮೇಲೆ ಲಕ್ಷ್ಯ ಕೊಟ್ಟು ನೋಡಿದೆ. ಅವಳು ಉಸಿರು ಎಳೆದುಕೊಂಡಾಗ ನನ್ನ ಕೈ ತಾನಾಗಿಯೇ ಒಂದಿಷ್ಟು ಮೇಲೇಳುತ್ತದೆ. ವಯಸ್ಸಾಯಿತಲ್ಲ, ನಡುಗುತ್ತಿರಬೇಕು. ಡಾಕ್ಟರಿಗೆ ತೋರಿಸಬೇಕು.

26 ಅಕ್ಟೋಬರ್, ರವಿವಾರ

ಹಾಜಿಮಲಂಗ್ ಕ್ರೇನ್ ಇರುವ ಲಾರಿ ತಂದ. “ಸೇಠ್, ದೀಪಾವಳಿ ಆಯ್ತು. ಎತ್ತೋಣೇನು?”

ಮೊದಲು ಚಹಾ ಕುಡಿಸಿದೆ. ಆಮೇಲೆ ಸುಸಲಾ, ಮಿರ್ಚಿ ಭಜಿ ಮಾಡಿಸಿದೆ. ಆಮೇಲೆ ಅವನ ಅಮ್ಮನ ಮೊಣಕಾಲಿನ ಆಪರೇಷನ್ ವಿಚಾರಿಸಿದೆ. ಆಪರೇಷನ್ ಆಗಿ ಮೂರು ವರ್ಷವಾಯಿತಂತೆ. ಇನ್ನೇನೂ ಉಳಿಯದೆ, “ಮಷಿನ್ನಿನ ಬೋಲ್ಟ್ ಎಲ್ಲಾ ಜಾಮ್ ಆಗ್ಯಾವ ಹಾಜಿಮಲಂಗ್, ಇನ್ನೊಂದು ವಾರ ಬಿಟ್ಟು ಬಾ” ಎಂದೆ. ಅವನು ಬಗ್ಗಿ ಬೋಲ್ಟಿಗೆ ಬೆರಳು ಹಚ್ಚಿ ಮೂಸಿ ನೋಡಿದ. “ನಿನ್ನೇನೇ ಎಣ್ಣಿ ಬಿಟ್ಟೀರಿ. ಜಾಮ್ ಎಲ್ಲಿ ಆಗ್ಯಾವ? ಸಚ್ ಬೋಲೋ ಸೇಠ್.”

ಹೇಳಿದೆ. ಎಲ್ಲವನ್ನೂ ಹೇಳಿದೆ. ಹುಡುಗರೂ ಅಲ್ಲೇ ಇದ್ದರು, ಅವರಿಗೂ ಇವತ್ತೇ ಗೊತ್ತಾಯಿತು. ಲುಂಬಿನಿಯ ಮುಖ ಸುಣ್ಣದ ಹಾಗಾಯಿತು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಹಾಜಿಮಲಂಗ್ ಹಾಡು ಕೇಳುತ್ತೇನೆಂದು ಕುಳಿತ. ಕೇಳಿದ. ಎದ್ದು ಲಾರಿ ಸುತ್ತ ಎರಡು ಸುತ್ತು ಹಾಕಿ ಬಂದ. “ಮಾತು ಅಂದ್ರ ಮಾತೇ ಸೇಠ್. ನನ್ನ ಮಷಿನ್ ನಂಗ ಬೇಕು. ಆದರ ಹದಿನೈದನೇ ತಾರೀಖ್ ತನಕ ನಿಮ್ದೇ ಅಂತ ತಿಳ್ಕೋರಿ. ಸೇಡಂಕ ನನ್ನ ಲಾರಿ ಮ್ಯಾಲೇ ಒಯ್ಯೋಣು, ಸ್ಟೇಜ್ ಹಿಂದ ಲಾರಿ ಹಚ್ತೀನಿ, ಮ್ಯಾಲೇ ನಿಂತು ಉಜ್ಜರಿ. ಪ್ರೋಗ್ರಾಂ ಮುಗದ ಮ್ಯಾಲ ಲಾರಿ ಸೀದಾ ವಾಡಿಗಿ” ಎಂದ. ಹೋಗುವಾಗ ಕಿವಿಯ ಹತ್ತಿರ ಬಂದು, “ಅಂಬಾರಾಯ ಸಾಬರಿಗಿ ಹೇಳಿ ಮೈಕ್‌ನ್ಯಾಗ ನನ್ನ ಹೆಸರು ಒಂದು ಸಲ ಹೇಳಸ್ರಿ” ಎಂದ.

12 ನವೆಂಬರ್, ಬುಧವಾರ

ಪುರಸೊತ್ತಿಲ್ಲ. ಲುಂಬಿನಿಗೆ ಕೆಮ್ಮು, ಜ್ಯೇಷ್ಠಮಧು ತಂದುಕೊಟ್ಟೆ. ಎರಡನೇ ಸಾಲಿನಲ್ಲಿ ಶಾಕೀರ ಅವಸರ ಮಾಡುತ್ತಾನೆ, ಹೇಳಬೇಕು. ಸೇಡಂಗೆ ಒಳ್ಳೆಯ ಕಲ್ಲು ಆರಿಸಿದ್ದೇನೆ, ನೀಲಿ ಛಾಯೆ, ಒಂದು ಗೆರೆಯೂ ಇಲ್ಲ.

16 ನವೆಂಬರ್, ರವಿವಾರ

ಕೈ ಎತ್ತಲಾಗುತ್ತಿಲ್ಲ, ಆದರೂ ಬರೆಯುತ್ತೇನೆ.

ನಿನ್ನೆ ಸಂಜೆ ಆರಕ್ಕೆ ಸೇಡಂನಲ್ಲಿ ರಾಜ್ಯೋತ್ಸವದ ಸ್ಟೇಜು. ಸ್ಟೇಜಿನ ಹಿಂದೆ ಪರದೆ, ಪರದೆಯ ಹಿಂದೆ ಲಾರಿ, ಲಾರಿಯ ಮೇಲೆ ಮಷಿನ್, ಮಷಿನ್ನಿನ ಮುಂದೆ ನಾನು, ಹೊಸ ಬನಿಯನ್ನಿನಲ್ಲಿ. ಭೀಮಬಾಯಿ ಆರು ತಂದಿದ್ದಾಳೆ. “ನಾ ಪರದೆ ಹಿಂದ ಇರ್ತೀನಿ, ಯಾರು ನೋಡ್ತಾರ?” ಎಂದೆ. “ಆ ಹತ್ತು ಲಕ್ಷ ಮಂದಿ ನಿಮ್ಮನ್ನ ಕೇಳಿ ನೋಡಿದ್ರೇನು?” ಎಂದಳು. ಲಕ್ಷ್ಮಿ ತಾನೇ ಲಾರಿ ಹತ್ತಿ ಕಲ್ಲು ಕೂಡಿಸಿ, ನೀರಿನ ಡ್ರಮ್ಮಿನ ಪಕ್ಕ ಚೆಂಬು ಹಿಡಿದು ನಿಂತಳು. ಉಜ್ಜುವ ಕಲ್ಲಿಗೆ ನೀರು ಬಿಡುತ್ತಿರಬೇಕು, ಇಲ್ಲದಿದ್ದರೆ ಕಲ್ಲು ಸುಡುತ್ತದೆ.

ಹಾಡು ಎತ್ತಿದರು. ಮೊದಲು ಚೆನ್ನಾಗಿತ್ತು. ಅಷ್ಟರಲ್ಲಿ ಬಣ್ಣದ ಲೈಟಿನವನು ತನ್ನ ಆಟ ಶುರು ಮಾಡಿದ. ಅವನ ಲೈಟೂ ನನ್ನ ಮಷಿನ್ನೂ ಒಂದೇ ಜನರೇಟರಿನ ಮೇಲೆ. ಅವನು ಲೈಟ್ ಹಚ್ಚಿದಾಗಲೆಲ್ಲ ಮಷಿನ್ ದನಿ ಕುಗ್ಗುತ್ತದೆ, ಆರಿಸಿದಾಗ ಎಗರುತ್ತದೆ. ನಾನು ತೋಳು ಎತ್ತುವುದು, ಒತ್ತುವುದು, ಎತ್ತುವುದು, ಒತ್ತುವುದು. ಲುಂಬಿನಿಯ ದನಿ ಒಂದು ಸಲ ನಡುಗಿತು. ಪರದೆಯ ಸಂದಿಯಲ್ಲಿ ನೋಡಿದರೆ ಕಂಪನಿಯ ಮೇಡಂ ಮುಂದಿನ ಸಾಲಿನಲ್ಲಿ ಕನ್ನಡಕ ತೆಗೆಯುತ್ತಿದ್ದರು. ಹೈದರಾಬಾದಿನಲ್ಲಿ ತೆಗೆದ ಹಾಗೆಯೇ.

“ಅಂಬಾರಾಯ, ಆ ಲೈಟಿನವ್ನ ನಿಲ್ಲಸು” ಎಂದು ಕೂಗಿದೆ. ಡಾಕ್ಟರಿಗೆ ಹೇಳಬಾರದು, ಬಹಳ ಜೋರಾಗಿಯೇ ಕೂಗಿದೆ. ಅವನು ಓಡಿಹೋಗಿ ಪಕ್ಕದ ಮೈಕ್ ಹಿಡಿದ. “ಲೈಟಿನವರು ಗಮನಿಸಬೇಕು. ಲೈಟಿನವರು ಗಮನಿಸಬೇಕು. ತಮ್ಮ ಎಲ್ಲಾ ಲೈಟುಗಳು ತಾವು ಇದ್ದಲ್ಲಿಯೇ ನಿಲ್ಲತಕ್ಕದ್ದು. ಹಾಗೂ ಈ ಕಾರ್ಯಕ್ರಮಕ್ಕೆ ಕ್ರೇನ್ ಮತ್ತು ಲಾರಿಯ ಸೌಜನ್ಯ ಹಾಜಿಮಲಂಗ್, ವಾಡಿ.” ಹಾಡಿನ ನಟ್ಟನಡುವೆ. ಜನ ಇದೂ ಹಾಡಿನದೇ ಭಾಗ ಎಂದು ತಿಳಿದು ಚಪ್ಪಾಳೆ ಹೊಡೆದರು. ಬಸ್‌ಸ್ಟ್ಯಾಂಡಿನ ಆ ದನಿಗೆ ಎದುರಾಡಿದವರು ಈ ತಾಲೂಕಿನಲ್ಲಿ ಯಾರೂ ಇಲ್ಲ. ಲೈಟುಗಳು ಇದ್ದಲ್ಲೇ ನಿಂತವು.

ಮಷಿನ್ ಸಮ ಆಯಿತು. ಲುಂಬಿನಿ ಉಸಿರು ಎಳೆದುಕೊಂಡಳು. ನಾನು ತೋಳು ಎತ್ತಿದೆ. ‘ಅವ್ವ ಹಾಸಿದ ಕಲ್ಲ ಮ್ಯಾಲ ಯಾರ್ಯಾರೋ ನಡದಾರ’ ಎಂದು ಅವಳು ಮೇಲಕ್ಕೆ ಹೋದಾಗ ಲಕ್ಷ್ಮಿ ನೀರು ಬಿಡುವುದನ್ನು ಮರೆತು ನಿಂತಳು. “ನೀರವಾ, ನೀರು” ಎಂದು ನಾನೇ ಎಚ್ಚರಿಸಬೇಕಾಯಿತು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ನೀರು ಬಿಟ್ಟಳು. ಆಮೇಲೆ ಸೇಡಂ ಊರೇ ಎದ್ದು ನಿಂತಿತಂತೆ, ನನಗೆ ಕಾಣಲಿಲ್ಲ. ಕಲ್ಲು ನೋಡುತ್ತಿದ್ದೆ.

ಮೇಡಂ ಪರದೆ ಸರಿಸಿ ಹಿಂದೆ ಬಂದರು. ನನ್ನ ಮೈಯೆಲ್ಲ ರಾಡಿ. “ಆ ಕೆಳಗಿನ ದನಿ ನುಡಿಸ್ತಿದ್ದಿದ್ದು ಯಾರು?” ಎಂದು ಕೇಳಿದರು. “ನುಡಿಸಿಲ್ಲರಿ, ಉಜ್ಜೀನಿ” ಎಂದೆ. ಅವರು ನಕ್ಕು, ಲಾರಿಯ ಅಂಚಿಗೆ ಬಂದು ಕಲ್ಲಿನ ಮೇಲೆ ಕೈ ಆಡಿಸಿದರು. ಕಲ್ಲಿನಲ್ಲಿ ಅವರ ಮುಖ ಕಾಣುತ್ತಿತ್ತು. “ಡಿಸೆಂಬರ್ ಹತ್ತಕ್ಕೆ ರೆಕಾರ್ಡ್ ಮಾಡೋಣ. ಸ್ಟುಡಿಯೋ ಬೇಡ. ನಿಮ್ಮ ಶೆಡ್ಡಲ್ಲೇ, ಈ ಮಷಿನ್ ಜೊತೆಗೇ” ಎಂದರು. ಹುಡುಗರು ಕುಣಿದಾಡಿದರು. ಲುಂಬಿನಿ ಕುಣಿಯಲಿಲ್ಲ, ನನ್ನ ಮುಖ ನೋಡಿದಳು. ಮಷಿನ್ ಇನ್ನು ನಮ್ಮದಲ್ಲ ಎಂಬುದು ಅವಳಿಗೆ ನೆನಪಿತ್ತು.

ಕಲ್ಲನ್ನು ಇಳಿಸಿಕೊಂಡೆವು. ಮಷಿನ್ ಲಾರಿಯ ಮೇಲೇ ಉಳಿಯಿತು. ಹಾಜಿಮಲಂಗ್ ಹಗ್ಗ ಬಿಗಿದು, ಸಲಾಂ ಮಾಡಿ, ವಾಡಿಯ ಕಡೆ ಹೊರಟುಹೋದ. ನಾನು ಮಾತು ಕೊಟ್ಟವನು, ನಿಲ್ಲು ಎಂದು ಹೇಗೆ ಹೇಳಲಿ? ಮನೆಗೆ ಬಂದು ಶೆಡ್ಡಿಗೆ ಹೋದೆ. ಮಷಿನ್ ಇದ್ದ ಜಾಗದಲ್ಲಿ ನಾಲ್ಕು ಬೋಲ್ಟಿನ ತೂತು ಇದ್ದವು. ಅಳು ಬಂತು. ಬರೆದುಬಿಟ್ಟಿದ್ದೇನೆ, ಡಾಕ್ಟರು ಓದಿದರೆ ಓದಲಿ.

17 ನವೆಂಬರ್, ಸೋಮವಾರ

ಬೆಳಿಗ್ಗೆ ಏಳಕ್ಕೆ ಹಾರ್ನ್ ಕೇಳಿ ಹೊರಗೆ ಬಂದೆ. ಲಾರಿ ನಿಂತಿತ್ತು. ಮಷಿನ್ ಅದರ ಮೇಲೆಯೇ ಇತ್ತು.

“ಮಷಿನ್ ನಂದು ಸೇಠ್” ಎಂದ ಹಾಜಿಮಲಂಗ್, ನಾನು ಏನೋ ಕೇಳಿದವನ ಹಾಗೆ. “ಎಲ್ಲಿ ಇಡಬೇಕು ಅನ್ನೋದು ನನ್ನ ಮರ್ಜಿ. ವಾಡ್ಯಾಗ ಜಾಗಾ ಇಲ್ಲ. ಇಲ್ಲೇ ಇಡ್ತೀನಿ. ದಿನಾ ಎರಡು ತಾಸು ಚಾಲೂ ಇಡ್ರಿ, ಇಲ್ಲಾಂದ್ರ ಜಂಗ್ ಹಿಡೀತದ.”

“ಏನಾಯ್ತೋ ನಿಂಗ?”

ಅವನು ಟೋಪಿ ಸರಿಮಾಡಿಕೊಂಡ. “ಚಿಂಚೋಳಿಯಿಂದ ನಮ್ಮ ಅಕ್ಕ ಫೋನ್ ಮಾಡಿದ್ಳು, ಕಾಳಗಿಯಿಂದ ನಮ್ಮ ಮಾಮಾ ಮಾಡಿದ. ಮೂವತ್ತು ವರ್ಷ ಗುಜರಿ ಮಾಡೀನಿ ಸೇಠ್, ಮೈಕ್‌ನ್ಯಾಗ ನನ್ನ ಹೆಸರು ಒಮ್ಮೆನೂ ಬಂದಿದ್ದಿಲ್ಲ. ಮುಂದಿನ ಪ್ರೋಗ್ರಾಂ ಎಲ್ಲಿ ಅದ?”

ಒಂದು ಮಾತು ಮೊದಲೇ ಹೇಳಿದ್ದರೆ ಒಂದು ದಿನ ನಾನು ಸುಮ್ಮನೆ ಅಳುತ್ತಿರಲಿಲ್ಲ. ಸಿಟ್ಟು ಮಾಡೋಣವೆಂದು ನೋಡಿದೆ, ಬರಲಿಲ್ಲ. ಭೀಮಬಾಯಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನಾನು ಗಿರಣಿಯ ವಿಷಯ ಎತ್ತುವ ಮೊದಲೇ, “ಮುಂದಿನ ಮೂಲಿಗಿ ಹಾಕೋಣು. ಗಿರಣಿ ಸುರ ಹೆಂಗದ ಅಂತ ಆ ಹುಡುಗ್ರಿಗಿ ಮೊದಲೇ ಕೇಳ್ರಿ, ಆಮ್ಯಾಗ ಜಗಳ ಬ್ಯಾಡ” ಎಂದಳು.

10 ಡಿಸೆಂಬರ್, ಬುಧವಾರ

ನಿನ್ನೆ ಡಾಕ್ಟರಿಗೆ ವಹಿ ತೋರಿಸಿದೆ. ಪೂರ್ತಿ ಓದಿದರು, ನಡುನಡುವೆ ನಕ್ಕರು, ಹೊರಗೆ ಪೇಷಂಟ್ ಕಾಯುತ್ತಿದ್ದರೂ ಲೆಕ್ಕಿಸಲಿಲ್ಲ. ಬಿ.ಪಿ. ನೋಡಿ, “ನಾರ್ಮಲ್ ಅದ. ಇನ್ನ ಬರಿಯೋದು ಬ್ಯಾಡ” ಎಂದರು. ಇವರ್ಯಾರು ಬೇಡ ಎನ್ನಲು? ಇನ್ನೂ ನಲವತ್ತು ಹಾಳೆ ಖಾಲಿ ಇವೆ. ನನಗೆ ಸಿಟ್ಟು ಬಂತು.

“ಕೈ ನಡಗ್ತದ ಅಂತ ಬರದೀರಿ. ಹಿಡೀರಿ ನೋಡೋಣು” ಎಂದರು. ಎರಡೂ ಕೈ ಮುಂದೆ ಚಾಚಿದೆ. “ಎಲ್ಲಿ ನಡಗ್ಲಿಕತ್ತದ? ಕಲ್ಲಿನಂಗ ನಿಂತಾವಲ್ಲ” ಎಂದರು. ಈಗ ಅಲ್ಲ, ಸಂಜೆ ನಾಲ್ಕರಿಂದ ಆರು ಮಾತ್ರ ಎಂದೆ. ಅವರು ಮತ್ತೆ ನಕ್ಕರು. ಓದಿದವರಿಗೆ ಎಲ್ಲವೂ ನಗೆಚಾಟಿಕೆ.

ಇವತ್ತು ಕಂಪನಿಯವರು ಬಂದರು. ಶೆಡ್ಡಿನ ತುಂಬ ವೈರು, ಮೈಕು. ಅಂಬಾರಾಯ ಎಲ್ಲರಿಗೂ ನಿಲ್ಲುವ ಜಾಗ ಕೂಗಿ ಹೇಳಿದ. ಲಕ್ಷ್ಮಿ ಹದಿನೆಂಟು ವರ್ಷ ನಿಂತ ಜಾಗದಲ್ಲೇ ಬಂದು ನಿಂತು ಕಲ್ಲು ಕೂಡಿಸಿದಳು. ಸೇಡಂನಲ್ಲಿ ಉಜ್ಜಿದ ಕಲ್ಲನ್ನು ಅವಳ ಮನೆಯ ಹೊಸ್ತಿಲ ಮುಂದೆ ಹಾಸಿದ್ದೇವೆ. ಅದರ ಮೇಲೆ ಯಾರಿಗೂ ಕಾಲಿಡಲು ಬಿಡುವುದಿಲ್ಲವಂತೆ, ದಾಟಿಕೊಂಡೇ ಒಳಗೆ ಹೋಗಬೇಕು.

ನಾಲ್ಕಕ್ಕೆ ಮಷಿನ್ ಚಾಲೂ ಮಾಡಿದೆ. ಮೈಕ್ ಜೋಡಿಸುತ್ತಿದ್ದ ಕಂಪನಿಯವನು ಕಿವಿ ಮುಚ್ಚಿಕೊಂಡು, “ಸಾರ್, ಮೈಕ್ ಚೆಕ್ ಮಾಡ್ಬೇಕು, ಒಂದೇ ನಿಮಿಷ ನಿಲ್ಲಿಸ್ತೀರಾ?” ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ ಮೂವರೂ ಒಟ್ಟಿಗೇ ಹೇಳಿದರು.

“ಮಷಿನ್ ಮಾತ್ರ ನಿಲ್ಲಸಂಗಿಲ್ಲ.”

ಲಕ್ಷ್ಮಿ ನೀರು ಬಿಟ್ಟಳು. ಲುಂಬಿನಿ ಉಸಿರು ಎಳೆದುಕೊಂಡಳು. ನನ್ನ ಕೈ ಒಂದಿಷ್ಟು ಮೇಲೆದ್ದಿತು. ನಡುಗುತ್ತದೆ ಎಂದರೆ ಡಾಕ್ಟರು ನಂಬುವುದಿಲ್ಲ.